ಬೆಳಗಾವಿಯಲ್ಲಿ ಕೂತು ಕ್ರೈಸ್ತ ಪುಸ್ತಕಗಳ ಏಜೆಂಟ್ ಆಗಬಹುದೇ?

ಪ್ರಶ್ನೆ: ನಾನು ಬೆಳಗಾವಿ ಕ್ಯಾಂಪ್ ಭಾಗದವ. ಇಪ್ಪತ್ತು ವರ್ಷಗಳಿಂದ ದಿನಧ್ಯಾನ, ಪ್ರಸಂಗ ಸಂಗ್ರಹ, ಸಂಡೇ ಸ್ಕೂಲ್ ಮಕ್ಕಳ ಕಥೆಗಳನ್ನು ಬರೆಯುತ್ತ ಬಂದಿದ್ದೇನೆ. ಒಂದು ಪುಸ್ತಕ ಇಂಗ್ಲಿಷಿನಲ್ಲೂ ಬಂದಿದೆ. ಗುಳೇದಗುಡ್ಡ, ವಿಜಯಪುರ, ಗೋಕಾಕ ಕಡೆಯ ಹೊಸ ಲೇಖಕರು ಹಸ್ತಪ್ರತಿ ಹಿಡಿದು ಬಂದು 'ಯಾರಿಗೆ ಕೊಡೋಣ, ಎಷ್ಟು ಕೇಳೋಣ' ಎನ್ನುತ್ತಾರೆ. ಅಮೆರಿಕದ ಕ್ರೈಸ್ತ ಪ್ರಕಾಶಕರು ಏಜೆಂಟ್ ಮೂಲಕ ಬಂದದ್ದನ್ನು ಮಾತ್ರ ನೋಡುತ್ತಾರಂತೆ. ನಾನೇ ಸಾಹಿತ್ಯ ಏಜೆಂಟ್ ಆಗಬಹುದೇ? ಪರವಾನಗಿ ಬೇಕೇ? ಕಮಿಷನ್ ಎಷ್ಟು? ನನ್ನ ಬರವಣಿಗೆ ನಿಲ್ಲಿಸಬೇಕೇ?

ಉತ್ತರ: ಆಗಬಹುದು. ಇದಕ್ಕೆ ಪರವಾನಗಿಯಾಗಲಿ ಪರೀಕ್ಷೆಯಾಗಲಿ ಇಲ್ಲ. ನಮ್ಮಲ್ಲಿ ಈ ಕೆಲಸ 1872ರ ಕರಾರು ಕಾಯ್ದೆಯ ಏಜೆನ್ಸಿ ಅಧ್ಯಾಯದ ಅಡಿ ಬರುತ್ತದೆ. ಒಬ್ಬರ ಪರವಾಗಿ ಮೂರನೆಯವರ ಜೊತೆ ವ್ಯವಹರಿಸುವವನೇ ಏಜೆಂಟ್, ಅಷ್ಟೇ. ಆದರೆ ಅದೇ ಅಧ್ಯಾಯ ನಿಮ್ಮ ಮೇಲೆ ಹೊರೆಯನ್ನೂ ಹೊರಿಸುತ್ತದೆ. ಲೇಖಕ ಹೇಳಿದ ಹಾಗೆ ನಡೆಯಬೇಕು, ಕೇಳಿದಾಗ ಲೆಕ್ಕ ಕೊಡಬೇಕು, ಅವನಿಗೆ ತಿಳಿಸದೆ ಅವನ ಕೆಲಸದಲ್ಲಿ ನಿಮ್ಮ ಸ್ವಂತ ವ್ಯವಹಾರ ಬೆರೆಸಬಾರದು. ಬೆರೆಸಿದರೆ ಆ ವ್ಯವಹಾರವನ್ನು ಒಪ್ಪದಿರುವ ಹಕ್ಕು, ನೀವು ಗಳಿಸಿದ ಲಾಭವನ್ನು ವಾಪಸ್ ಕೇಳುವ ಹಕ್ಕು ಅವನಿಗಿದೆ.

ಒಳಗೆ ಬರುವುದು ಸುಲಭವಾದ್ದರಿಂದಲೇ ಈ ಕಸುಬು ಕೆಡುವುದೂ ಬೇಗ. ಅದಕ್ಕೆ ಎಲ್ಲಕ್ಕಿಂತ ಮೊದಲು ಒಂದು ನಿಯಮ ಹಾಕಿಕೊಳ್ಳಿ: ಪ್ರಕಾಶಕ ಲೇಖಕನಿಗೆ ಕೊಟ್ಟ ಹಣದಲ್ಲಿ ನಿಮ್ಮ ಪಾಲು ಇರಲಿ, ಲೇಖಕನ ಜೇಬಿನಿಂದ ಒಂದು ರೂಪಾಯಿಯೂ ಬೇಡ. ಹಸ್ತಪ್ರತಿ ಓದಲು ಶುಲ್ಕ, ತಿದ್ದಲು ಶುಲ್ಕ, ಪ್ರಕಾಶಕರ ಪರಿಚಯ ಮಾಡಿಸಿದ್ದಕ್ಕೆ ಶುಲ್ಕ, ಇವು ಯಾವುವೂ ಬೇಡ. ಅಮೆರಿಕದ ಸಾಹಿತ್ಯ ಏಜೆಂಟರ ಸಂಘ ತನ್ನ ಸದಸ್ಯರು ಓದುವ ಶುಲ್ಕ ಪಡೆಯುವುದನ್ನು ನಿಷೇಧಿಸಿದೆ. ಕಾರಣ ಸರಳ. ಓದಿದ್ದಕ್ಕೇ ಹಣ ಬಂದರೆ, ಪುಸ್ತಕ ಮಾರಾಟವಾಗದಿದ್ದರೂ ಏಜೆಂಟನ ಮನೆ ನಡೆಯುತ್ತದೆ. ಆಮೇಲೆ ಅವನು ಒಳ್ಳೆಯ ಹಸ್ತಪ್ರತಿ ಹುಡುಕುವುದನ್ನು ಬಿಟ್ಟು ಹಸ್ತಪ್ರತಿಗಳ ರಾಶಿ ಹುಡುಕತೊಡಗುತ್ತಾನೆ. ಲೇಖಕರಿಂದಲೇ ಹಣ ಕಟ್ಟಿಸಿಕೊಂಡು ಅಚ್ಚು ಹಾಕುವ ಸಂಸ್ಥೆಗಳು ನಿಮ್ಮ ಹತ್ತಿರವೂ ಬರುತ್ತವೆ. 'ಒಬ್ಬ ಲೇಖಕರನ್ನು ಕಳಿಸಿ, ಇಷ್ಟು ಕೊಡುತ್ತೇವೆ' ಎನ್ನುತ್ತವೆ. ಅಲ್ಲಿ ಕೈ ಚಾಚಿದ ದಿನವೇ ನೀವು ಲೇಖಕರ ಏಜೆಂಟ್ ಅಲ್ಲ, ಆ ಸಂಸ್ಥೆಗಳ ದಲ್ಲಾಳಿ.

ಕ್ರೈಸ್ತ ವಲಯದಲ್ಲಿ ಇದಕ್ಕೆ ಇನ್ನೊಂದು ಸಿಕ್ಕು ಸೇರಿಕೊಂಡಿದೆ. 'ಇದು ಸೇವೆ, ಇದರಲ್ಲಿ ಹಣದ ಮಾತೇಕೆ' ಎಂಬ ಸಂಕೋಚ. ಆ ಸಂಕೋಚದಲ್ಲೇ ನಮ್ಮ ಎಷ್ಟೋ ಲೇಖಕರು ಕಾಗದವಿಲ್ಲದೆ, ಬಾಯಿಮಾತಿನ ಮೇಲೆ ಹಸ್ತಪ್ರತಿ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮೂರನೇ ಮುದ್ರಣ ಬಂದದ್ದು ಲೇಖಕರಿಗೆ ಪುಸ್ತಕದ ಮೇಜಿನ ಮೇಲೆ ಕಂಡಾಗಲೇ ಗೊತ್ತಾಗುತ್ತದೆ. ಹಣದ ಮಾತನ್ನು ಮೊದಲ ದಿನವೇ ಕಾಗದದ ಮೇಲೆ ತರುವುದು ಭಕ್ತಿಗೆ ವಿರುದ್ಧವಲ್ಲ. ಬಾಯಿಮಾತಿನಲ್ಲಿ ಉಳಿದದ್ದೇ ಮುಂದೆ ಸಭೆಯೊಳಗೆ ಜಗಳವಾಗುವುದು.

ಇನ್ನು ಲೆಕ್ಕ. 200 ರೂಪಾಯಿ ಬೆಲೆಯ ಕನ್ನಡ ಪುಸ್ತಕ, 1,000 ಪ್ರತಿ, ಶೇ. 10 ಗೌರವಧನ (ಮಾರಿದ ಪ್ರತಿಗೆ ಲೇಖಕರಿಗೆ ಸಿಗುವ ಪಾಲು, ರಾಯಲ್ಟಿ) ಎಂದಿಟ್ಟುಕೊಳ್ಳಿ. ಅಷ್ಟೂ ಖರ್ಚಾದರೆ ಲೇಖಕರಿಗೆ 20,000 ರೂಪಾಯಿ. ಏಜೆಂಟರ ರೂಢಿಯ ಪಾಲು ಶೇ. 15, ಅಂದರೆ 3,000. ಆ ಶೇ. 10 ಮುಖಬೆಲೆಯ ಮೇಲೋ, ಪ್ರಕಾಶಕರ ಕೈಗೆ ಬಂದ ಹಣದ ಮೇಲೋ ಎಂದು ಕರಾರಿನಲ್ಲಿ ಬರೆದಿರಲೇಬೇಕು. ಅಂಗಡಿಗಳಿಗೆ ಶೇ. 45 ರಿಯಾಯಿತಿ ಹೋದರೆ ಕೈಗೆ ಬರುವುದು 110 ರೂಪಾಯಿ. ಆಗ ಅದೇ ಶೇ. 10 ಪ್ರತಿಗೆ 20ರ ಬದಲು 11 ರೂಪಾಯಿ ಆಗುತ್ತದೆ. ಹೊಸ ಲೇಖಕರು ಈ ಒಂದು ಪದ ಗಮನಿಸದೆ ಅರ್ಧದಷ್ಟು ಆದಾಯ ಕಳೆದುಕೊಳ್ಳುತ್ತಾರೆ.

ನಮ್ಮ ಕ್ರೈಸ್ತ ಪುಸ್ತಕಗಳು ಬಹುಪಾಲು ಅಂಗಡಿಯಲ್ಲಿ ಮಾರಾಟವಾಗುವುದಿಲ್ಲ. ಉಜ್ಜೀವನ ಕೂಟದ ಮೇಜು, ಸಮ್ಮೇಳನ, ಭಾನುವಾರದ ಆರಾಧನೆ ಮುಗಿದ ಮೇಲಿನ ಅಂಗಳ, ಲೇಖಕರ ಕೈಚೀಲ, ಇವೇ ಅಂಗಡಿಗಳು. ಹೀಗಾಗಿ ಲೇಖಕರಿಗೆ ಸಿಗುವ ರಿಯಾಯಿತಿಯ ಮೇಲೆ ಚೌಕಾಸಿ ಮಾಡಬೇಕು. 1,000ರಲ್ಲಿ 400 ಪ್ರತಿ ಲೇಖಕರೇ ಕೊಂಡು ಮಾರುತ್ತಾರೆ, ಆ ಪ್ರತಿಗಳಿಗೆ ಗೌರವಧನ ಇಲ್ಲ ಎನ್ನಿ. ಶೇ. 25 ರಿಯಾಯಿತಿಯಲ್ಲಿ ಪ್ರತಿಗೆ 50 ರೂಪಾಯಿ ಉಳಿಯುತ್ತದೆ, ಶೇ. 40ರಲ್ಲಿ 80. ವ್ಯತ್ಯಾಸ 400 ಪ್ರತಿಗೆ 12,000 ರೂಪಾಯಿ. ಉಳಿದ 600 ಪ್ರತಿಗೆ ಬರುವ ಇಡೀ ಗೌರವಧನವೂ 12,000ವೇ. ಅಂದರೆ ರಿಯಾಯಿತಿಯ ಸಾಲೊಂದನ್ನು ತಿದ್ದಿಸಿದರೆ ಇನ್ನೊಂದು ಗೌರವಧನ ಕೊಡಿಸಿದಂತೆ. ಮೇಜಿನ ಮೇಲಿನ ಲಾಭದಲ್ಲಿ ನೀವು ಪಾಲು ಕೇಳಬೇಡಿ. ಅದು ಲೇಖಕರ ಬಂಡವಾಳ, ಅವರ ಓಡಾಟ. ಆದರೂ ಆ ಚೌಕಾಸಿಯನ್ನು ನೀವು ಮಾಡಲೇಬೇಕು. ಹಾಗೆಯೇ 'ಲೇಖಕರು ಕನಿಷ್ಠ 300 ಪ್ರತಿ ಕೊಳ್ಳತಕ್ಕದ್ದು' ಎಂಬ ಸಾಲು ಕಂಡರೆ ತೆಗೆಸಿ. ಅದು ಪ್ರಕಟಣೆಯ ಖರ್ಚನ್ನು ಲೇಖಕರ ತಲೆಗೆ ಕಟ್ಟುವ ದಾರಿ.

ಈ ಲೆಕ್ಕದಲ್ಲಿ ನಿಮಗೆ ಉಳಿಯುವುದು 600 ಪ್ರತಿಯ ಗೌರವಧನದ ಶೇ. 15, ಅಂದರೆ 1,800 ರೂಪಾಯಿ. ವರ್ಷಕ್ಕೆ 30 ಪುಸ್ತಕ ಕುದುರಿಸಿದರೂ 54,000. ಬರೀ ಕನ್ನಡ ಕ್ರೈಸ್ತ ಪುಸ್ತಕಗಳ ಕಮಿಷನ್ ಮೇಲೆ ಬೆಳಗಾವಿಯಲ್ಲಿ ಮನೆ ನಡೆಯದು. ನಿಮ್ಮ ಈಗಿನ ಆದಾಯ ಬಿಡಬೇಡಿ.

ಹಾಗಾದರೆ ದಾರಿ? ಭಾಷಾಂತರದ ಹಕ್ಕು. ಈ ವಿಷಯದಲ್ಲಿ ಬೆಳಗಾವಿಗೆ ಇರುವ ಅನುಕೂಲ ಬೆಂಗಳೂರಿಗಿಲ್ಲ. ಇಲ್ಲಿನ ಕ್ರೈಸ್ತರಲ್ಲಿ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ನಾಲ್ಕರಲ್ಲೂ ಪ್ರಾರ್ಥಿಸುವವರಿದ್ದಾರೆ. ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ, ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ ನೆಲೆಯೂರಿದ್ದು 1851ರಲ್ಲಿ, ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಮೂರೂ ಪರಂಪರೆಗಳ ಓದುಗರು ಒಂದು ದಿನದ ಬಸ್ ಪ್ರಯಾಣದೊಳಗೆ ಸಿಗುತ್ತಾರೆ. ಕನ್ನಡದ ಒಂದು ಒಳ್ಳೆಯ ದಿನಧ್ಯಾನವನ್ನು ಮರಾಠಿಗೆ, ಕೊಂಕಣಿಗೆ, ಇಂಗ್ಲಿಷಿಗೆ ಬೇರೆಬೇರೆಯಾಗಿ ಕೊಡಬಹುದು. ಅದಕ್ಕೆ ಆ ಹಕ್ಕುಗಳು ಲೇಖಕರ ಕೈಯಲ್ಲಿ ಉಳಿದಿರಬೇಕು.

ಉಳಿಯದಿರುವುದೇ ಹೆಚ್ಚು. ಸಣ್ಣ ಪ್ರಕಾಶಕರು ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಸಾಮಾನ್ಯವಾಗಿ ಒಂದೇ ಸಾಲಿರುತ್ತದೆ: 'ಈ ಪುಸ್ತಕದ ಸಂಪೂರ್ಣ ಹಕ್ಕುಗಳನ್ನು ಪ್ರಕಾಶಕರಿಗೆ ಒಪ್ಪಿಸಿರುತ್ತೇನೆ.' ಇಷ್ಟು ಬರೆದು ಸಹಿ ಹಾಕಿದರೆ ಆಡಿಯೊ, ಇ-ಪುಸ್ತಕ, ಭಾಷಾಂತರ, ನಾಟಕ ರೂಪಾಂತರ ಎಲ್ಲದರ ಮೇಲೂ ಪ್ರಕಾಶಕ ಕೈಯಿಡುತ್ತಾನೆ. ಆ ಸಾಲನ್ನು ನೀವು ಹೀಗೆ ತಿದ್ದಿಸಬೇಕು: 'ಈ ಕೃತಿಯನ್ನು ಕನ್ನಡ ಭಾಷೆಯಲ್ಲಿ, ಮುದ್ರಿತ ಪುಸ್ತಕ ರೂಪದಲ್ಲಿ, ಭಾರತದೊಳಗೆ ಪ್ರಕಟಿಸಿ ಮಾರುವ ಹಕ್ಕನ್ನು ಮಾತ್ರ, ಸಹಿಯ ದಿನದಿಂದ 5 ವರ್ಷಗಳ ಅವಧಿಗೆ ಕೊಟ್ಟಿದ್ದೇನೆ. ಉಳಿದ ಎಲ್ಲ ಹಕ್ಕುಗಳು ಲೇಖಕರಲ್ಲೇ ಇರುತ್ತವೆ.' ಭಾಷೆ, ರೂಪ, ಪ್ರದೇಶ, ಅವಧಿ ಎಂಬ ನಾಲ್ಕು ಬೇಲಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಪ್ರತಿಗಳು ಮುಗಿದು, ಲೇಖಕರು ಬರೆದು ಕೇಳಿದ 6 ತಿಂಗಳೊಳಗೆ ಮರುಮುದ್ರಣವಾಗದಿದ್ದರೆ ಹಕ್ಕು ವಾಪಸ್.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ನಿಮ್ಮ ಬೆನ್ನಿಗಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಹೇಳದಿದ್ದರೆ 5 ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಎಣಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಆದ್ದರಿಂದ ಹೊಸ ಲೇಖಕರೊಬ್ಬರು ಬಂದಾಗ ಮೊದಲು ಅವರ ಹಳೆಯ ಕರಾರುಗಳನ್ನೆಲ್ಲ ತರಿಸಿ ಓದಿ. ಅವಧಿಯೇ ಬರೆಯದ ಎಷ್ಟೋ ಕಾಗದಗಳಲ್ಲಿ ಹಕ್ಕು ಈಗಾಗಲೇ ಲೇಖಕರಿಗೆ ಮರಳಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. 'ಶಾಶ್ವತವಾಗಿ' ಎಂದು ಬರೆದಿದ್ದರೆ ಮಾತ್ರ ವಕೀಲರನ್ನು ಕಾಣಬೇಕಾಗುತ್ತದೆ. ಕರಾರು ಓದುವ ಅಭ್ಯಾಸವನ್ನು ನಿಮ್ಮದೇ ಪುಸ್ತಕಗಳ ಕಾಗದಗಳಿಂದ ಶುರುಮಾಡಿ. ಲೇಖಕರಾಗಿ ಸಹಿ ಹಾಕುವಾಗ ಕಣ್ಣಿಗೆ ಬೀಳದ ಸಾಲುಗಳು ಏಜೆಂಟರಾಗಿ ಓದುವಾಗ ಎದ್ದು ಕಾಣುತ್ತವೆ.

ನಿಮ್ಮ ಮತ್ತು ಲೇಖಕರ ನಡುವಿನ ಕರಾರು ಎರಡು ಪುಟ ಸಾಕು. ಯಾವ ಪುಸ್ತಕಕ್ಕೆ ನೀವು ಏಜೆಂಟ್, ಕಮಿಷನ್ ಎಷ್ಟು, ಲೆಕ್ಕ ಯಾವಾಗ, ಬಿಡುವುದು ಹೇಗೆ ಎಂದು ಅದರಲ್ಲಿರಲಿ. ಮೊದಲಿಗೆ ಒಂದೊಂದು ಪುಸ್ತಕಕ್ಕೆ ಮಾತ್ರ ಒಪ್ಪಿಕೊಳ್ಳಿ. ಲೇಖಕರು ಮುಂದೆ ಬರೆಯುವುದನ್ನೆಲ್ಲ ಕಟ್ಟಿಹಾಕುವುದು ನ್ಯಾಯವಲ್ಲ, ನಿಮಗೂ ಹೊರೆ. ಯಾರೇ ಆಗಲಿ 30 ಅಥವಾ 60 ದಿನಗಳ ಲಿಖಿತ ಸೂಚನೆ ಕೊಟ್ಟು ಬಿಡಬಹುದು ಎಂದಿರಲಿ. ಬಿಟ್ಟ ಮೇಲೂ ನೀವು ಕುದುರಿಸಿದ ಕರಾರಿನ ಮೇಲಿನ ಕಮಿಷನ್ ಆ ಕರಾರು ಇರುವವರೆಗೆ ನಿಮ್ಮದೇ, ಆದರೆ ಆಮೇಲಿನ ಹೊಸ ಪುಸ್ತಕದ ಮೇಲೆ ಇಲ್ಲ. ಕಮಿಷನ್ ಶೇ. 15. ವಿದೇಶದ ಇನ್ನೊಬ್ಬ ಏಜೆಂಟ್ ಜೊತೆ ಹಂಚಿಕೊಳ್ಳುವಾಗ ಒಟ್ಟು ಶೇ. 20, ಇಬ್ಬರಿಗೂ ಹತ್ತತ್ತು.

ಹಣ ಬರುವ ದಾರಿಯನ್ನೂ ಮೊದಲೇ ಗೊತ್ತುಮಾಡಿ. ಅಮೆರಿಕದ ಹಳೆ ರೂಢಿಯಲ್ಲಿ ಪೂರ್ತಿ ಹಣ ಏಜೆಂಟ್ ಖಾತೆಗೆ ಬಂದು, ಕಮಿಷನ್ ಹಿಡಿದು ಉಳಿದದ್ದು ಲೇಖಕರಿಗೆ ಹೋಗುತ್ತದೆ. ನಮ್ಮಲ್ಲಿ ಹಾಗೆ ಮಾಡಬೇಡಿ. ಪ್ರಕಾಶಕರು ಮೂಲದಲ್ಲೇ ತೆರಿಗೆ ಕಡಿತ ಮಾಡಿದರೆ ಅದು ಹಣ ಪಡೆದವರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ಲೇಖಕರ ಗೌರವಧನದ ಕಡಿತ ನಿಮ್ಮ ಪ್ಯಾನ್‌ನಲ್ಲಿ ಕೂತರೆ ಅವರಿಗೆ ಅದರ ಲಾಭವಿಲ್ಲ, ನಿಮಗೆ ಇಲ್ಲದ ಆದಾಯ ಇದ್ದಂತೆ ಕಾಣುತ್ತದೆ. ಪ್ರಕಾಶಕರ ಕರಾರಿನಲ್ಲೇ 'ಶೇ. 85 ಲೇಖಕರ ಖಾತೆಗೆ, ಶೇ. 15 ಏಜೆಂಟ್ ಖಾತೆಗೆ, ಎರಡಕ್ಕೂ ಲೆಕ್ಕಪತ್ರದ ಪ್ರತಿ' ಎಂದು ಬರೆಸಿ. ಅನಿವಾರ್ಯವಾಗಿ ನಿಮ್ಮ ಕೈಗೇ ಬಂದರೆ, ಅದಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇರಲಿ. ಮನೆ ಖರ್ಚಿನ ಖಾತೆಗೆ ಬಿದ್ದ ಹಣ ಮನೆ ಖರ್ಚಾಗಿಯೇ ಹೋಗುತ್ತದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆ ಚಿಂತೆ ಸದ್ಯಕ್ಕೆ ಬೇಡ.

ಈಗ ಹಸ್ತಪ್ರತಿಯ ಒಳಗೆ ಬರೋಣ. ಕ್ರೈಸ್ತ ಪುಸ್ತಕಗಳಲ್ಲಿ ಎಡವುವ ಕಡೆಗಳು ಬೇರೆ ಸಾಹಿತ್ಯದ ಹಾಗಲ್ಲ, ಮತ್ತು ಇವನ್ನು ಹಿಡಿಯುವುದರಲ್ಲೇ ಅನುಭವಿ ಲೇಖಕನಾದ ಏಜೆಂಟ್ ಬೇರೆಯವರಿಗಿಂತ ಮೇಲು.

ಮೊದಲನೆಯದು ವಚನಗಳು. ಈಗ ಬಳಕೆಯಲ್ಲಿರುವ ಕನ್ನಡ ಸತ್ಯವೇದದ ಪಠ್ಯದ ಹಕ್ಕು ಭಾರತೀಯ ಸತ್ಯವೇದ ಸಂಘದ್ದು. ಬೆಂಗಳೂರಿನ ಅವರ ಕಚೇರಿಯಿಂದ ಬರಹದಲ್ಲಿ ಅನುಮತಿ ಪಡೆದು, ಅವರು ಹೇಳಿದ ಕೃತಜ್ಞತೆಯ ಸಾಲನ್ನು ಪುಸ್ತಕದಲ್ಲಿ ಹಾಕಬೇಕು. ಇಂಗ್ಲಿಷಿನಲ್ಲಿ ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಎಂಬ ಬೈಬಲ್ ಅನುವಾದ) ಬಳಸಿದರೆ ಅನುಮತಿ ಕೇಳದೆ 500 ವಚನಗಳವರೆಗೆ ಉಲ್ಲೇಖಿಸಬಹುದು. ಆದರೆ ಅವು ಬೈಬಲಿನ ಒಂದು ಪೂರ್ಣ ಪುಸ್ತಕವಾಗಿರಬಾರದು, ನಿಮ್ಮ ಪುಸ್ತಕದ ಶೇ. 25ರಷ್ಟು ಆಗಬಾರದು. 365 ದಿನದ ಧ್ಯಾನದ ಪುಸ್ತಕದಲ್ಲಿ ದಿನಕ್ಕೆ ಎರಡು ವಚನ ಹಾಕಿದರೆ 730 ಆಯಿತು, ಮಿತಿ ದಾಟಿತು. ಇದು ಅಚ್ಚಿಗೆ ಹೋಗುವ ವಾರ ಗೊತ್ತಾದರೆ ಇಡೀ ವೇಳಾಪಟ್ಟಿ ಕುಸಿಯುತ್ತದೆ. ಹಸ್ತಪ್ರತಿ ಕೈಗೆ ಬಂದ ದಿನವೇ ವಚನ ಎಣಿಸಿ, ಯಾವ ಅನುವಾದದ್ದು ಎಂದು ಪಕ್ಕದಲ್ಲಿ ಬರೆದಿಡಿ.

ಕೀರ್ತನೆಗಳು ಎರಡನೆಯವು. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಮರಣಾನಂತರ 60 ವರ್ಷ. ಹಳೆಯ ಮಿಷನರಿ ಕಾಲದ ಗೀತೆಗಳಲ್ಲಿ ಹೆಚ್ಚಿನವು ಈಗ ಎಲ್ಲರ ಸ್ವತ್ತು. ಈಚಿನ ಆರಾಧನಾ ಗೀತೆಗಳು ಅಲ್ಲ, ಅವುಗಳ ಎರಡು ಸಾಲಿಗೂ ಅನುಮತಿ ಕೇಳಿ. ಹಾಡಿನ ಸಾಲು ಕಥೆಗೆ ಅನಿವಾರ್ಯವಲ್ಲದಿದ್ದರೆ ತೆಗೆಸಿಬಿಡುವುದೇ ಲೇಸು.

ಮೂರನೆಯದು ಪ್ರಸಂಗ ಸಂಗ್ರಹ. ಕನ್ನಡದಲ್ಲಿ ನಿಮ್ಮ ಕೈಗೆ ಅತಿ ಹೆಚ್ಚು ಬರುವುದು ಇದೇ, ಅತಿ ಹೆಚ್ಚು ತಕರಾರಾಗುವುದೂ ಇದೇ. ಸಭಾಪಾಲಕರು ಮಾತಾಡಿರುತ್ತಾರೆ, ಯುವಕನೊಬ್ಬ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಳಿಸಿರುತ್ತಾನೆ, ಮತ್ತೊಬ್ಬರು ತಿದ್ದಿರುತ್ತಾರೆ. ಹಕ್ಕು ಯಾರದು? ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರ ಭಾಷಣ ಮಾಡಿದವರೇ ಎಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಬರೆದಿಳಿಸಿದವನು ಲೇಖಕನಲ್ಲ. ಆದರೆ ಸಭಾಪಾಲಕರು ಸಂಬಳ ಪಡೆಯುವ ಸಂಸ್ಥೆ 'ಇದು ನಮ್ಮ ಕೆಲಸದ ವೇಳೆಯಲ್ಲಿ ಆದದ್ದು' ಎಂದು ಮುಂದೆ ಎದ್ದು ನಿಲ್ಲಬಹುದು. ಸಂಸ್ಥೆಯಿಂದ ಒಂದು ನಿರಾಕ್ಷೇಪಣಾ ಪತ್ರ, ಬರೆದಿಳಿಸಿದವರಿಂದ ಒಂದು ಒಪ್ಪಿಗೆ ಪತ್ರ, ಎರಡನ್ನೂ ಪಡೆಯದೆ ಪ್ರಸಂಗದ ಪುಸ್ತಕ ಪ್ರಕಾಶಕರಿಗೆ ಕಳಿಸಬೇಡಿ.

ಅದರ ಬೆನ್ನಿಗೇ ಬರುವುದು ಕದ್ದ ಅನುವಾದ. ಇಂಗ್ಲಿಷ್ ಧ್ಯಾನದ ಪುಸ್ತಕವನ್ನು ಕನ್ನಡಕ್ಕೆ ತಂದು, ಊರಿನ ಹೆಸರು ಬದಲಿಸಿ, ಸ್ವಂತದ್ದೆಂದು ಕೊಡುವವರಿದ್ದಾರೆ. ಬಹಳ ಸಲ ಕೆಟ್ಟ ಉದ್ದೇಶವೂ ಇರುವುದಿಲ್ಲ, 'ದೇವರ ಮಾತು ಎಲ್ಲರದ್ದು' ಎಂಬ ಭಾವನೆ. ಆದರೆ ಕರಾರಿನ ಖಾತರಿ ಕಲಮಿನಲ್ಲಿ 'ಇದು ನನ್ನ ಸ್ವಂತ ಕೃತಿ, ಸುಳ್ಳಾದರೆ ನಷ್ಟ ನಾನೇ ತುಂಬುತ್ತೇನೆ' ಎಂದು ಲೇಖಕರು ಸಹಿ ಹಾಕುತ್ತಾರೆ. ಕೂರಿಸಿಕೊಂಡು ನೇರವಾಗಿ ಕೇಳಿ: ಯಾವ ಪುಸ್ತಕ ಎದುರಿಗಿಟ್ಟುಕೊಂಡು ಬರೆದಿರಿ? ಅನುವಾದವೇ ಆಗಿದ್ದರೆ ಅನುವಾದ ಎಂದೇ ಸರಿಯಾದ ದಾರಿಯಲ್ಲಿ ತರಬಹುದು. ಇಂಗ್ಲೆಂಡಿನ ಹೆಸರಾಂತ ಪ್ರಸಂಗಿ ಸ್ಪರ್ಜನ್ 1892ರಲ್ಲಿ ತೀರಿಕೊಂಡವರು, ಅವರ ಪ್ರಸಂಗಗಳಿಗೆ ಯಾರ ಅನುಮತಿಯೂ ಬೇಡ. ಸಿ. ಎಸ್. ಲೂಯಿಸ್ ತೀರಿಕೊಂಡದ್ದು 1963ರ ನವೆಂಬರಿನಲ್ಲಿ. ಅವರ ಬದುಕಿನ ಅವಧಿಯಲ್ಲಿ ಪ್ರಕಟವಾದ ಪುಸ್ತಕಗಳ ಹಕ್ಕು ಭಾರತದಲ್ಲಿ 2023ರ ಕೊನೆಗೆ ಮುಗಿದಿದೆ. ಬ್ರಿಟನ್ನಿನಲ್ಲಿ 70 ವರ್ಷದ ನಿಯಮವಾದ್ದರಿಂದ ಇನ್ನೂ ಇದೆ. ಆದ್ದರಿಂದ ಕನ್ನಡ ಅನುವಾದವನ್ನು ಇಲ್ಲಿ ಅಚ್ಚು ಹಾಕಿ ಮಾರಬಹುದು, ಇ-ಪುಸ್ತಕವಾಗಿ ಲಂಡನ್ನಿಗೆ ಮಾರುವಂತಿಲ್ಲ. ಇಂಥ ಸೂಕ್ಷ್ಮ ತಿಳಿದಿರುವ ಏಜೆಂಟ್ ಪ್ರಕಾಶಕರಿಗೂ ಬೇಕಾಗುತ್ತಾನೆ.

ಸಾಕ್ಷಿ ಪುಸ್ತಕಗಳನ್ನು, ಅಂದರೆ ತಾನು ವಿಶ್ವಾಸಕ್ಕೆ ಬಂದ ಬಗೆ ಹೇಳುವ ಪುಸ್ತಕಗಳನ್ನು, ಎರಡು ಸಲ ಓದಿ. ತಾನು ಹಿಂದೆ ಹೇಗಿದ್ದೆ ಎಂದು ಹೇಳುವ ಉತ್ಸಾಹದಲ್ಲಿ ಬಿಟ್ಟುಬಂದ ಧರ್ಮದ ಬಗ್ಗೆ, ಬದುಕಿರುವ ಸಂಬಂಧಿಕರ ಬಗ್ಗೆ ಕಟುವಾದ ಮಾತುಗಳು ನುಸುಳಿರುತ್ತವೆ. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಲ್ಲಿ ಅಪರಾಧ, ಮಾನಹಾನಿ ಬೇರೆಯೇ. ಅನುಭವ ಹೇಳಲಿ, ತೀರ್ಪು ಬೇಡ. ಹಾಗೆ ತಿದ್ದಿದ ಸಾಕ್ಷಿ ಓದುವುದಕ್ಕೂ ಹೆಚ್ಚು ಬಲವಾಗಿರುತ್ತದೆ.

ಕಥೋಲಿಕ ಲೇಖಕರಾದರೆ ಧರ್ಮಾಧ್ಯಕ್ಷರ ಅನುಮತಿಯ ವಿಚಾರ. ಪ್ರಾರ್ಥನಾ ಪುಸ್ತಕ, ಧರ್ಮೋಪದೇಶದ ಪಠ್ಯಗಳಿಗೆ ಇದು ಬೇಕೇಬೇಕು. ಬರಿಯ ಕಾದಂಬರಿಗೋ ನೆನಪುಗಳಿಗೋ ಹಾಗಿಲ್ಲ. ಧರ್ಮಸಭೆಯ ಕಾನೂನಿನ 824ನೇ ನಿಯಮದಂತೆ ಲೇಖಕರ ಸ್ವಂತ ಧರ್ಮಾಧ್ಯಕ್ಷರಿಂದಾದರೂ, ಪುಸ್ತಕ ಪ್ರಕಟವಾಗುವ ಸ್ಥಳದ ಧರ್ಮಾಧ್ಯಕ್ಷರಿಂದಾದರೂ ಪಡೆಯಬಹುದು. ಬೆಂಗಳೂರಿನಲ್ಲಿ ಅಚ್ಚಾಗುವ ಪುಸ್ತಕಕ್ಕೂ ಬೆಳಗಾವಿಯಲ್ಲೇ ಕೇಳಬಹುದು. ಏಜೆಂಟರು ತಪ್ಪುವುದು 829ರಲ್ಲಿ: ಮೂಲ ಪಠ್ಯಕ್ಕೆ ಸಿಕ್ಕ ಅನುಮತಿ ಹೊಸ ಆವೃತ್ತಿಗಾಗಲಿ ಅನುವಾದಕ್ಕಾಗಲಿ ಸಾಲದು. ಕೊಂಕಣಿಯಿಂದ ಕನ್ನಡಕ್ಕೆ ತಂದಿರೋ, ಮತ್ತೆ ಕೇಳಬೇಕು. ಆ ಸಮಯವನ್ನು ಕರಾರಿನ ಗಡುವಿನಲ್ಲೇ ಸೇರಿಸಿಡಿ.

ಅಮೆರಿಕದ ವಿಚಾರ. ನೀವು ಕೇಳಿದ್ದು ನಿಜ. ಅಲ್ಲಿನ ದೊಡ್ಡ ಕ್ರೈಸ್ತ ಪ್ರಕಾಶಕರಾದ ಝೋಂಡರ್ವನ್ ಮತ್ತು ಥಾಮಸ್ ನೆಲ್ಸನ್ (ಎರಡೂ ಈಗ ಹಾರ್ಪರ್‌ಕಾಲಿನ್ಸ್‌ನವು), ಟಿಂಡೇಲ್, ಬೇಕರ್ ಇವರ ಸಂಪಾದಕರು ಸಾಮಾನ್ಯವಾಗಿ ಏಜೆಂಟ್ ಮೂಲಕ ಬಂದದ್ದನ್ನೇ ನೋಡುತ್ತಾರೆ. ಆದರೆ 'ಏಜೆಂಟ್' ಎಂದು ಲೆಟರ್‌ಹೆಡ್ ಅಚ್ಚು ಹಾಕಿಸಿದರೆ ಬಾಗಿಲು ತೆರೆಯುವುದಿಲ್ಲ. ಅವರು ನೋಡುವುದು ಪರಿಚಿತ ಏಜೆಂಟರ ಪತ್ರವನ್ನು. ಅಲ್ಲಿ ಲೇಖಕರು ಏಜೆಂಟರಾದದ್ದೂ ಹೀಗೆಯೇ. ಟಮೆಲಾ ಹ್ಯಾನ್‌ಕಾಕ್ ಮರ್ರಿ, ಸಿಂಥಿಯಾ ರುಕ್ಟಿ ಇಬ್ಬರೂ ಕಾದಂಬರಿ ಬರೆದು ಹೆಸರಾದ ಮೇಲೆ, ನೆಲೆಯೂರಿದ ಏಜೆನ್ಸಿಗಳೊಳಗೆ ಸೇರಿ ಕೆಲಸ ಮಾಡಿದವರು. ನಿಮಗೂ ಅದೇ ಬುದ್ಧಿವಂತಿಕೆ: ಅಲ್ಲಿನ ಒಬ್ಬ ಏಜೆಂಟ್ ಜೊತೆ ಸಹ-ಏಜೆಂಟ್ ಆಗಿ. ಹಸ್ತಪ್ರತಿ ಆರಿಸುವುದು, ಇಂಗ್ಲಿಷ್ ಪ್ರಸ್ತಾವನೆ ಸಿದ್ಧಮಾಡುವುದು, ಲೇಖಕರನ್ನು ನೋಡಿಕೊಳ್ಳುವುದು ನಿಮ್ಮ ಪಾಲು. ಸಂಪಾದಕರ ಮುಂದಿಡುವುದು, ಕರಾರಿನ ಚೌಕಾಸಿ ಅವರ ಪಾಲು. ಅಂಥವರ ಪರಿಚಯಕ್ಕೆ ಮೂರು ವರ್ಷಕ್ಕೊಮ್ಮೆ ನಡೆಯುವ ಲಿಟ್‌ವರ್ಲ್ಡ್ ಸಮಾವೇಶ ಒಳ್ಳೆಯ ಜಾಗ. ನಾನಾ ದೇಶಗಳ ಕ್ರೈಸ್ತ ಪ್ರಕಾಶಕರು, ಸಂಪಾದಕರು ಅಲ್ಲಿಗೆ ಬರುತ್ತಾರೆ.

ಪ್ರಸ್ತಾವನೆಯಲ್ಲಿ ಏನಿರಬೇಕು ಎನ್ನುವುದಕ್ಕೆ ಒಂದು ಉದಾಹರಣೆ ನೋಡಿ. ಗುಳೇದಗುಡ್ಡದ ಖಣ ನೇಯುವ ಕುಟುಂಬದ ಒಬ್ಬರು 90 ದಿನಗಳ ಧ್ಯಾನ ಬರೆದಿದ್ದಾರೆ ಎನ್ನಿ. ಮೊದಲ ಪುಟದಲ್ಲಿ ಪುಸ್ತಕ ಏನು, ಯಾರಿಗೆ ಎಂಬುದು ನಾಲ್ಕು ಸಾಲಿನಲ್ಲಿ: ಕೈಕೆಲಸದಿಂದ ಬದುಕುವವರಿಗಾಗಿ, ಮಗ್ಗದ ಮುಂದೆ ಹುಟ್ಟಿದ 90 ಧ್ಯಾನಗಳು, 45,000 ಪದ. 'ಎಲ್ಲ ವಿಶ್ವಾಸಿಗಳಿಗೂ' ಎಂದು ಬರೆದರೆ ಸಂಪಾದಕರು ಅಲ್ಲೇ ಮಡಚಿಡುತ್ತಾರೆ. ಆಮೇಲೆ ಕಳೆದ ಮೂರರಿಂದ ಐದು ವರ್ಷಗಳಲ್ಲಿ ಬಂದ ಇದೇ ಜಾತಿಯ ಮೂರು ನಾಲ್ಕು ಪುಸ್ತಕ, ಇದು ಅವುಗಳಿಗಿಂತ ಹೇಗೆ ಬೇರೆ ಎಂದು ಒಂದೊಂದು ಸಾಲು. ಲೇಖಕರ ಪರಿಚಯ. ಅಧ್ಯಾಯವಾರು ಸಾರ, ಒಂದೊಂದಕ್ಕೆ ಎರಡು ಮೂರು ವಾಕ್ಯ. ಪೂರ್ಣ ಬರೆದು ತಿದ್ದಿದ ಎರಡು ಮೂರು ಮಾದರಿ ಅಧ್ಯಾಯ. ಹಸ್ತಪ್ರತಿ ಮುಗಿಯುವ ದಿನಾಂಕ.

ನಮ್ಮವರು ಸೋಲುವುದು ಲೇಖಕರ ಓದುಗ ಬಳಗದ ಪ್ರಶ್ನೆಯಲ್ಲಿ. ಅಮೆರಿಕದ ಕ್ರೈಸ್ತ ಪುಸ್ತಕದಂಗಡಿಗಳ ಎರಡು ದೊಡ್ಡ ಸರಣಿಗಳಲ್ಲಿ ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ 2017ರಲ್ಲಿ ಮುಚ್ಚಿತು, ಲೈಫ್‌ವೇ ತನ್ನ ಅಂಗಡಿಗಳನ್ನೆಲ್ಲ ಮುಚ್ಚುವುದಾಗಿ 2019ರಲ್ಲಿ ಹೇಳಿತು. ಕಪಾಟಿನಲ್ಲಿ ಕಂಡು ಕೊಳ್ಳುವವರು ಕಡಿಮೆಯಾದ ಮೇಲೆ ಪ್ರಕಾಶಕರು ಲೇಖಕರ ಸ್ವಂತ ಬಳಗವನ್ನೇ ನೆಚ್ಚುತ್ತಾರೆ. ಗುಳೇದಗುಡ್ಡದ ನೇಕಾರರಿಗೆ ಅಮೆರಿಕದಲ್ಲಿ ಅಂಥ ಬಳಗವಿಲ್ಲ, ಅದನ್ನು ಮುಚ್ಚಿಡಲೂ ಆಗದು. ಆದ್ದರಿಂದ ಇಂಥ ಪುಸ್ತಕವನ್ನು ಝೋಂಡರ್ವನ್‌ಗೆ ಕಳಿಸಿ ವರ್ಷ ಕಳೆಯುವ ಬದಲು, ಏಷ್ಯಾ-ಆಫ್ರಿಕಾದಂಥ ಕಡೆಯ ಲೇಖಕರಿಗೆಂದೇ ಇರುವ ಲ್ಯಾಂಗ್‌ಹಮ್ ಲಿಟರೇಚರ್, ಕಥೋಲಿಕ ವಿಷಯವಾದರೆ ಆರ್ಬಿಸ್ ಇಂಥವರನ್ನು ನೋಡಿ. ಇಂಥ ಪ್ರಕಾಶನಗಳಿಗೆ ಲೇಖಕರೇ ನೇರ ಬರೆಯಬಹುದು. ಹಾಗಿದ್ದಾಗ 'ನನ್ನ ಅಗತ್ಯವಿಲ್ಲ, ನೀವೇ ಕಳಿಸಿ' ಎನ್ನುವುದೂ ಏಜೆಂಟನ ಧರ್ಮ. ಬೋಧನೆಯ ಹೊಂದಾಣಿಕೆಯನ್ನೂ ನೋಡಿ. ಅಮೆರಿಕದ ಇನ್ನೊಂದು ಪ್ರಕಾಶನ ಕ್ರಾಸ್‌ವೇ ಸುಧಾರಿತ (ಕ್ಯಾಲ್ವಿನ್ ಹಾದಿಯ ಪ್ರೊಟೆಸ್ಟಂಟ್) ಪರಂಪರೆಯ ಕಡೆಗಿದೆ, ಆರ್ಬಿಸ್ ಬಡವರ ಬಿಡುಗಡೆಯನ್ನು ನಡುವಿಗಿಡುವ ವಿಮೋಚನಾ ದೇವತಾಶಾಸ್ತ್ರಕ್ಕೆ ಹೆಸರಾದದ್ದು. ಒಂದೇ ಪ್ರಸ್ತಾವನೆಯನ್ನು ಎರಡಕ್ಕೂ ಕಳಿಸಿದರೆ ಮನೆ ನೋಡದೆ ಬಾಗಿಲು ಬಡಿದವನೆಂದು ಎರಡೂ ಕಡೆ ಗೊತ್ತಾಗುತ್ತದೆ.

ಕರಾರಾದರೂ ಹಣ ನಿಧಾನ. ಸಂಪಾದಕರ ಉತ್ತರಕ್ಕೆ ಎರಡು ಮೂರು ತಿಂಗಳು, ಸಹಿಯಾದ ಮೇಲೆ ಪುಸ್ತಕ ಬರಲು ವರ್ಷದ ಮೇಲೆ. ಮುಂಗಡ ಎರಡು ಮೂರು ಕಂತುಗಳಲ್ಲಿ: ಸಹಿಗೆ, ಹಸ್ತಪ್ರತಿ ಒಪ್ಪಿದಾಗ, ಪ್ರಕಟವಾದಾಗ. 5,000 ಡಾಲರ್ ಮುಂಗಡ ಎಂದಿಟ್ಟುಕೊಂಡರೆ, ಸಹ-ಏಜೆಂಟ್ ಜೊತೆ ಹಂಚಿಕೊಂಡು ನಿಮ್ಮ ಶೇ. 10 ಎಂದರೆ 500 ಡಾಲರ್, ಅದೂ ಕಂತುಗಳಲ್ಲಿ. ಮೊದಲ ಪಾವತಿಗೆ ಮುಂಚೆ ಲೇಖಕರಿಂದ ಅಮೆರಿಕದ ತೆರಿಗೆ ಇಲಾಖೆಯ ಡಬ್ಲ್ಯು-8ಬೆನ್ ಫಾರ್ಮ್ ತುಂಬಿಸಿ ಪ್ರಕಾಶಕರಿಗೆ ಕಳಿಸಿ, ಅದರಲ್ಲಿ ಪ್ಯಾನ್ ಸಂಖ್ಯೆ ಕೊಡಬಹುದು. ಅದಿಲ್ಲದಿದ್ದರೆ ಅಮೆರಿಕದಲ್ಲಿ ಶೇ. 30 ತೆರಿಗೆ ಹಿಡಿಯುತ್ತಾರೆ. ಇದ್ದರೆ ಎರಡು ದೇಶಗಳ ಒಪ್ಪಂದದಂತೆ ಶೇ. 15. ಇದು ತೆರಿಗೆಯ ಶೇ. 15, ನಿಮ್ಮ ಕಮಿಷನ್ ಅಲ್ಲ ಎಂದು ಲೇಖಕರಿಗೆ ಬಿಡಿಸಿ ಹೇಳಿ. ಈ ಎರಡನ್ನು ಒಂದೇ ಎಂದು ತಿಳಿದು ಮನಸ್ತಾಪವಾಗುವುದುಂಟು.

ವಿದೇಶಿ ಹಣದಲ್ಲಿ ಇನ್ನೊಂದು ಎಚ್ಚರ. ಗೌರವಧನ, ಕಮಿಷನ್ ಇವು ಕೆಲಸಕ್ಕೆ ಬಂದ ಸಂಭಾವನೆ. ಕರಾರು, ಬಿಲ್ಲು ಇದ್ದರೆ ಬ್ಯಾಂಕ್ ಮೂಲಕ ಧಾರಾಳವಾಗಿ ಪಡೆಯಬಹುದು. ಆದರೆ ವಿದೇಶದ ಸಭೆಯೊಂದು 'ಈ ಪುಸ್ತಕ ಕನ್ನಡಕ್ಕೆ ಬರಲಿ' ಎಂದು ಅಚ್ಚಿನ ಖರ್ಚಿಗೆ ದಾನ ಕಳಿಸಿದರೆ ಅದು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ, ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ತನ್ನ ಖಾತೆಗೆ ಅದನ್ನು ಪಡೆಯಬೇಕು. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತೆಯೂ ಇಲ್ಲ. 'ನಿಮ್ಮ ಖಾತೆಗೆ ಹಾಕುತ್ತೇವೆ, ಪ್ರೆಸ್ಸಿಗೆ ಕೊಟ್ಟುಬಿಡಿ' ಎಂದು ಯಾರೇ ಕೇಳಲಿ, ಎಷ್ಟೇ ಆತ್ಮೀಯರಾಗಲಿ, ಒಪ್ಪಬೇಡಿ.

ದಿನದ ಕೆಲಸಕ್ಕೆ ಒಂದು ರಿಜಿಸ್ಟರ್ ಸಾಕು. ಹಸ್ತಪ್ರತಿ, ಕಳಿಸಿದ ಪ್ರಕಾಶಕ, ದಿನಾಂಕ, ಉತ್ತರ, ಅವರು ಕೊಟ್ಟ ಕಾರಣ. ಕನ್ನಡ ಪ್ರಕಾಶಕರಿಗೆ ಮೂರು ತಿಂಗಳ ಗಡುವು ಹಾಕಿ. ಇನ್ನೊಬ್ಬರಿಗೂ ಕಳಿಸಿದ್ದರೆ ಇಬ್ಬರಿಗೂ ತಿಳಿಸಿ. ನಿರಾಕರಣೆ ಬಂದ ವಾರದೊಳಗೆ ಲೇಖಕರಿಗೆ ಮುಟ್ಟಿಸಿ. ತಡವಾಗಿ ಬಂದ ಕೆಟ್ಟ ಸುದ್ದಿಗಿಂತ ಸುದ್ದಿಯೇ ಇಲ್ಲದಿರುವುದು ಲೇಖಕರನ್ನು ಹೆಚ್ಚು ನೋಯಿಸುತ್ತದೆ, ಬರೆಯುವವರಾದ ನಿಮಗೆ ಇದು ಗೊತ್ತೇ ಇದೆ. ಮೊದಲ ಎರಡು ವರ್ಷ ಐದಾರು ಲೇಖಕರಿಗಿಂತ ಹೆಚ್ಚು ಬೇಡ.

ಕೊನೆಯ ಪ್ರಶ್ನೆ, ನಿಮ್ಮ ಬರವಣಿಗೆ. ನಿಲ್ಲಿಸಬೇಕಿಲ್ಲ, ಆದರೆ ಬೇಲಿ ಬೇಕು. ನಿಮ್ಮ ಪುಸ್ತಕ ಇರುವ ಪ್ರಕಾಶಕರ ಜೊತೆ ಬೇರೆಯವರ ಪರ ಚೌಕಾಸಿ ಮಾಡುವಾಗ, 'ಇವರು ನನ್ನ ಪ್ರಕಾಶಕರೂ ಹೌದು' ಎಂದು ಲೇಖಕರಿಗೆ ಮೊದಲೇ ಬರೆದು ತಿಳಿಸಿ ಒಪ್ಪಿಗೆ ಪಡೆಯಿರಿ. ಯಾವುದಾದರೂ ಪ್ರಕಾಶಕರಿಗೆ ಸಂಬಳಕ್ಕೆ ಸಂಪಾದನೆಯನ್ನೋ ಅನುವಾದವನ್ನೋ ಮಾಡಿಕೊಡುತ್ತಿದ್ದರೆ, ಅವರ ಎದುರು ಯಾರ ಪರವಾಗಿಯೂ ಕೂರಬೇಡಿ. ನಿಮ್ಮ ಲೇಖಕರು ಲೆಂಟ್ ಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಧ್ಯಾನ ಬರೆದು ಕೊಟ್ಟಿರುವಾಗ ನಿಮ್ಮದೇ ಲೆಂಟ್ ಧ್ಯಾನವನ್ನು ಅದೇ ಪ್ರಕಾಶಕರಿಗೆ ಆ ವರ್ಷ ಕೊಡಬೇಡಿ. ಅವರದ್ದು ಮೊದಲು ಹೋಗಲಿ. ಅವರ ಹಸ್ತಪ್ರತಿಯಲ್ಲಿ ಓದಿದ ಕಲ್ಪನೆ ನಿಮ್ಮ ಬರಹದಲ್ಲಿ ಬಂದರೆ, ಅರಿವಿಲ್ಲದೆ ಬಂದರೂ, ನಂಬಿಕೆ ಹೋಗುತ್ತದೆ. ಅದಕ್ಕೆ ನೀವು ಬರೆಯುತ್ತಿರುವ ಪುಸ್ತಕಗಳ ವಿಷಯವನ್ನು ದಿನಾಂಕ ಹಾಕಿ ಒಂದು ಪುಟದಲ್ಲಿ ಬರೆದಿಟ್ಟು, ಹೊಸ ಲೇಖಕರ ಜೊತೆ ಕರಾರಾಗುವಾಗ ತೋರಿಸಿ. ನಿಮ್ಮ ಸ್ವಂತ ಪುಸ್ತಕದ ಕರಾರನ್ನು ಮಾತ್ರ ನೀವೇ ಕುದುರಿಸಬೇಡಿ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೃತಿಸ್ವಾಮ್ಯ ಬಲ್ಲ ಒಬ್ಬ ವಕೀಲರಿಗೆ ಶುಲ್ಕ ಕೊಟ್ಟು ಅದನ್ನು ಓದಿಸಿ. ನಿಮ್ಮ ಲೇಖಕರ ಮೊದಲ ಒಂದೆರಡು ಕರಾರುಗಳನ್ನೂ ನಿಮ್ಮದೇ ಖರ್ಚಿನಲ್ಲಿ ಅದೇ ವಕೀಲರಿಗೆ ತೋರಿಸಿದ ಮೇಲೆಯೇ ಸಹಿಗೆ ಕೊಡಿ.